ಬೆಳ್ಳಗಿರುವುದೆಲ್ಲ ಹಾಲಲ್ಲ: ಮೊಬೈಲ್ ಮೋಸದ ಬಗ್ಗೆ ಹಾಲು ಉತ್ಪಾದಕರಿಗೆ ಕೆಲವು ಮಾತು

(ಪ್ರಾಥಮಿಕ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ. ಎಲ್ಲ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಪ್ರಕಟಿಸಲಾಗಿದೆ.)



ಪ್ರತಿ ವರ್ಷ ಈ ಸಭೆಯಲ್ಲಿ ನಾನು ಕೆಚ್ಚಲು ಬಾವು, ಖನಿಜ ಮಿಶ್ರಣ, ಕಾಲುಬಾಯಿ ಜ್ವರದ ಲಸಿಕೆ, ಮೇವಿನ ಬೆಳೆ ಇವುಗಳ ಬಗ್ಗೆ ಮಾತನಾಡುವುದು ರೂಢಿ. ಈ ಸಲ ಅಧ್ಯಕ್ಷರು ಬೇರೆ ವಿಷಯ ಕೊಟ್ಟಿದ್ದಾರೆ. ಮೊಬೈಲ್ ಮತ್ತು ಇಂಟರ್‌ನೆಟ್ ಮೂಲಕ ನಡೆಯುವ ಮೋಸದಿಂದ ನಮ್ಮನ್ನು ನಾವು ಕಾಪಾಡಿಕೊಳ್ಳುವುದು ಹೇಗೆ ಎಂಬುದು. ದನದ ಡಾಕ್ಟರಿಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ಕೆಲವರು ನಗಬಹುದು. ಸಂಬಂಧ ಉಂಟು. ಹಸುವಿಗೆ ಚಿಕಿತ್ಸೆ ಮಾಡಿ ಕೈ ತೊಳೆಯುತ್ತಿರುವಾಗ ಎಷ್ಟೋ ಮನೆಗಳಲ್ಲಿ "ಡಾಕ್ಟ್ರೇ, ಇದೊಂದು ಮೆಸೇಜ್ ಬಂದಿದೆ, ನಿಜವೋ ಸುಳ್ಳೋ ನೋಡಿ" ಎಂದು ಮೊಬೈಲ್ ಮುಂದೆ ಹಿಡಿಯುತ್ತಾರೆ.

ಹಿಂದೆ ಬಟವಾಡೆಯ ದಿನ ನಾವು ಡೈರಿಯ ಮುಂದೆ ಸಾಲಾಗಿ ನಿಂತು, ಸಹಿ ಹಾಕಿ, ಎಣಿಸಿ ದುಡ್ಡು ತೆಗೆದುಕೊಳ್ಳುತ್ತಿದ್ದೆವು. ಈಗ ಹಾಲಿನ ಹಣ ಬ್ಯಾಂಕ್ ಖಾತೆಗೆ ಬೀಳುತ್ತದೆ. ಸರ್ಕಾರದ ಪ್ರೋತ್ಸಾಹಧನ, ಕಿಸಾನ್ ಸಮ್ಮಾನ್ ಹಣ ಎಲ್ಲವೂ ಅಲ್ಲಿಗೇ ಬರುತ್ತದೆ. ಇದು ಒಳ್ಳೆಯದೇ. ಮಧ್ಯವರ್ತಿಗಳ ಕಾಟ ತಪ್ಪಿತು. ಆದರೆ ಬೆಳಗಿನ ಜಾವ ಎದ್ದು, ಸಗಣಿ ಬಾಚಿ, ಮೇವು ಹೊತ್ತು, ಹದಿನೈದು ದಿನ ದುಡಿದ ಹಣ ಈಗ ಒಂದು ಮೊಬೈಲಿನ ಹಿಂದೆ ಕುಳಿತಿದೆ. ಕಳ್ಳ ಕೊಟ್ಟಿಗೆಗೆ ಬರಬೇಕಾಗಿಲ್ಲ. ಎಲ್ಲೋ ದೂರದ ಊರಿನಲ್ಲಿ ಕುಳಿತು ಕೈ ಹಾಕುತ್ತಾನೆ.

ನಾಲ್ಕು ಬಾಗಿಲು

ಮೊದಲಿಗೆ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಿ. ಬಹುಪಾಲು ಪ್ರಕರಣಗಳಲ್ಲಿ ಮೋಸಗಾರನು ತಾನಾಗಿ ನಮ್ಮ ಹಣ ತೆಗೆಯಲಾರ. ನಮ್ಮ ಕೈಯಿಂದಲೇ ಒಂದು ಕೆಲಸ ಮಾಡಿಸಿಕೊಳ್ಳುತ್ತಾನೆ. ಅವನು ಹೇಳುವ ಕಥೆ ನೂರು ಇರಬಹುದು. ಕೊನೆಗೆ ಕೇಳುವುದು ಈ ನಾಲ್ಕರಲ್ಲಿ ಒಂದನ್ನು:

1. ಮೊಬೈಲಿಗೆ ಬಂದ ಒಟಿಪಿ ಅಂಕೆ ಹೇಳಿ ಎನ್ನುತ್ತಾನೆ.
2. ಹಣ ಕಳುಹಿಸುವ ಗುಪ್ತ ಸಂಖ್ಯೆ, ಅಂದರೆ ಪಿನ್, ಒತ್ತಿ ಎನ್ನುತ್ತಾನೆ.
3. ತಾನು ಕಳುಹಿಸಿದ ಕೊಂಡಿ ಒತ್ತಿ, ಒಂದು ಆ್ಯಪ್ ಹಾಕಿಕೊಳ್ಳಿ ಎನ್ನುತ್ತಾನೆ.
4. ಮುಂಗಡ, ಶುಲ್ಕ, ಠೇವಣಿ ಎಂದು ಮೊದಲು ನೀವೇ ಹಣ ಹಾಕಿ ಎನ್ನುತ್ತಾನೆ.

ಈ ನಾಲ್ಕು ಬಾಗಿಲನ್ನು ಕಾದರೆ ಮುಕ್ಕಾಲು ಪಾಲು ಅಪಾಯ ತಪ್ಪಿತು. ಕಥೆ ನಿಜವೋ ಸುಳ್ಳೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಅವನು ಕೇಳುತ್ತಿರುವುದು ಏನು ಎಂದು ಮಾತ್ರ ನೋಡಿ. ಈಗ ನಮ್ಮ ಹಳ್ಳಿಗಳಲ್ಲಿ ನಡೆಯುವ ಮೋಸಗಳನ್ನು ಒಂದೊಂದಾಗಿ ಹೇಳುತ್ತೇನೆ.

ಫೋಟೋದ ಹಸು

ಫೇಸ್‌ಬುಕ್ಕಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಸು ಎಮ್ಮೆಗಳ ಫೋಟೋ ಬರುತ್ತವೆ. ದೊಡ್ಡ ಕೆಚ್ಚಲಿನ ಎಚ್‌ಎಫ್ ಹಸು, ಗಿರ್ ಹಸು, ಮುರ್ರಾ ಎಮ್ಮೆ. ದಿನಕ್ಕೆ 20 ಲೀಟರ್ ಹಾಲು, ಬೆಲೆ ಮಾತ್ರ ನಮ್ಮ ಸಂತೆಯ ಬೆಲೆಯ ಅರ್ಧಕ್ಕಿಂತ ಕಡಿಮೆ. ಫೋನ್ ಮಾಡಿದರೆ ಬಹಳ ವಿನಯದಿಂದ ಮಾತನಾಡುತ್ತಾನೆ. ಗೋಶಾಲೆಯ ಚೀಟಿ, ಗುರುತಿನ ಚೀಟಿ, ಹಾಲು ಕರೆಯುವ ವಿಡಿಯೋ ಎಲ್ಲ ಕಳುಹಿಸುತ್ತಾನೆ. ಮೊದಲು ಸ್ವಲ್ಪ ಮುಂಗಡ ಕೇಳುತ್ತಾನೆ. ಆಮೇಲೆ ಲಾರಿ ಬಾಡಿಗೆ, ವಿಮೆ, ಚೆಕ್‌ಪೋಸ್ಟ್ ಪರವಾನಗಿ ಎಂದು ಒಂದೊಂದೇ ಸೇರುತ್ತದೆ. "ಲಾರಿ ಹೊರಟಿದೆ, ದಾರಿಯಲ್ಲಿ ತಡೆದಿದ್ದಾರೆ, ಇಷ್ಟು ಕಟ್ಟಿದರೆ ನಾಳೆ ನಿಮ್ಮ ಮನೆಯ ಮುಂದೆ ಹಸು" ಎನ್ನುತ್ತಾನೆ. ಹಸು ಮಾತ್ರ ಬರುವುದಿಲ್ಲ.

ನಮ್ಮ ಹಿರಿಯರು ಸಂತೆಯಲ್ಲಿ ಟವೆಲ್ ಮುಚ್ಚಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದರು. ಆದರೆ ಅದಕ್ಕೂ ಮೊದಲು ಹಲ್ಲು ನೋಡಿ, ಸುಳಿ ನೋಡಿ, ಕೆಚ್ಚಲು ಮುಟ್ಟಿ, ನಡೆಸಿ ನೋಡುತ್ತಿದ್ದರು. ಪಶುವೈದ್ಯನಾಗಿ ನಾನೂ ಅದನ್ನೇ ಹೇಳುತ್ತೇನೆ. ಹಸುವನ್ನು ಕಣ್ಣಾರೆ ನೋಡದೆ ಒಂದು ರೂಪಾಯಿ ಕೊಡಬೇಡಿ. ಹಲ್ಲು ನೋಡಿ ವಯಸ್ಸು ತಿಳಿಯಿರಿ. ನಾಲ್ಕು ಮೊಲೆಯ ಹಾಲನ್ನೂ ಬೇರೆ ಬೇರೆ ಕರೆದು ನೋಡಿ. ಎರಡು ಮೂರು ಹೊತ್ತು ಎದುರಿಗೇ ಹಾಲು ಕರೆಸಿ ಅಳೆಯಿರಿ. ಬ್ರುಸೆಲ್ಲೋಸಿಸ್ ಎಂಬ ಕಂದು ಹಾಕುವ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯನ್ನು ಬರೆದುಕೊಂಡು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಇವುಗಳಲ್ಲಿ ಯಾವುದನ್ನೂ ಫೋಟೋ ನೋಡಿ ಮಾಡಲು ಬರುವುದಿಲ್ಲ.

ಹಣ ಬರಲು ಪಿನ್ ಬೇಡ

ಕೊಳ್ಳುವವರಿಗೆ ಮಾತ್ರವಲ್ಲ, ಮಾರುವವರಿಗೂ ಬಲೆ ಇದೆ. ನೀವು ಕರು ಮಾರಾಟಕ್ಕಿದೆ ಎಂದು ಮೊಬೈಲಿನಲ್ಲಿ ಹಾಕುತ್ತೀರಿ. ಒಬ್ಬ ಫೋನ್ ಮಾಡಿ, ತಾನು ಸೈನ್ಯದಲ್ಲಿದ್ದೇನೆ, ಬೆಲೆ ಚೌಕಾಸಿ ಮಾಡುವುದಿಲ್ಲ, ಈಗಲೇ ಹಣ ಹಾಕುತ್ತೇನೆ ಎನ್ನುತ್ತಾನೆ. ಸೈನಿಕನೆಂದರೆ ನಮಗೆ ಗೌರವ. ಅದನ್ನೇ ಅವನು ಉಪಯೋಗಿಸಿಕೊಳ್ಳುತ್ತಾನೆ. ಒಂದು ಕ್ಯೂಆರ್ ಚಿತ್ರ ಕಳುಹಿಸಿ, "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಿಮ್ಮ ಖಾತೆಗೆ ಹಣ ಬರುತ್ತದೆ" ಎನ್ನುತ್ತಾನೆ. ಒತ್ತಿದ ಕೂಡಲೇ ನಿಮ್ಮ ಖಾತೆಯಿಂದ ಹಣ ಹೋಗುತ್ತದೆ.

2016ರಲ್ಲಿ ಬಂದ ಯುಪಿಐ ಪದ್ಧತಿಯಲ್ಲಿ ಪಿನ್ ಎಂಬುದು ಹಣ ಕೊಡಲು, ಇಲ್ಲವೇ ನಿಮ್ಮ ಬಾಕಿ ನೋಡಲು. ಹಣ ಪಡೆಯಲು ಪಿನ್ ಬೇಕಾಗಿಲ್ಲ, ಸ್ಕ್ಯಾನ್ ಕೂಡ ಬೇಕಾಗಿಲ್ಲ. ಹಾಲು ಕೊಟ್ಟ ಮೇಲೆ ದುಡ್ಡು ಪಡೆಯಲು ನಾವು ಬೀಗದ ಕೈ ಕೊಡುತ್ತೇವೆಯೇ? ಇದೂ ಹಾಗೆಯೇ.

ಇನ್ನೊಂದು ಉಪಾಯ. "ತಪ್ಪಿ ನಿಮ್ಮ ಖಾತೆಗೆ 10,000 ರೂಪಾಯಿ ಹಾಕಿಬಿಟ್ಟೆ, ಆಸ್ಪತ್ರೆಯ ದುಡ್ಡು, ದಯವಿಟ್ಟು ವಾಪಸ್ ಹಾಕಿ" ಎಂದು ಅಳುತ್ತಾನೆ. ಜಮಾ ಆದಂತೆ ಒಂದು ಮೆಸೇಜ್ ಕೂಡ ಬಂದಿರುತ್ತದೆ. ಆ ಮೆಸೇಜನ್ನು ಬ್ಯಾಂಕು ಕಳುಹಿಸಿರುವುದಿಲ್ಲ, ಅವನೇ ಬರೆದು ಕಳುಹಿಸಿರುತ್ತಾನೆ. ಮೆಸೇಜ್ ನಂಬಬೇಡಿ, ಖಾತೆಯ ಬಾಕಿ ನೋಡಿ. ನಿಜವಾಗಿಯೂ ಬಂದಿದ್ದರೆ "ನಿಮ್ಮ ಬ್ಯಾಂಕಿಗೆ ಹೋಗಿ ಅರ್ಜಿ ಕೊಡಿ, ನಮ್ಮ ಬ್ಯಾಂಕು ಹಿಂತಿರುಗಿಸುತ್ತದೆ" ಎಂದು ಹೇಳಿ, ನೀವೂ ನಿಮ್ಮ ಬ್ಯಾಂಕಿಗೆ ತಿಳಿಸಿ.

ಸರ್ಕಾರದ ಹೆಸರು, ಡೈರಿಯ ಹೆಸರು

2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ, ರೈತರ ಖಾತೆಗೆ ಬರುತ್ತದೆ. ಈ ಹೆಸರಿಟ್ಟುಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಡತ ತಿರುಗಾಡುತ್ತದೆ. ಕೊನೆಯಲ್ಲಿ ಎಪಿಕೆ ಎಂಬ ಅಕ್ಷರಗಳಿರುತ್ತವೆ. ಗೊತ್ತಿರುವ ನೆಂಟರ ನಂಬರಿನಿಂದಲೇ ಬರಬಹುದು, ಏಕೆಂದರೆ ಅವರ ಫೋನ್ ಆಗಲೇ ಕಳ್ಳರ ಕೈಗೆ ಸಿಕ್ಕಿರುತ್ತದೆ. ಒತ್ತಿ ಹಾಕಿಕೊಂಡರೆ ನಿಮಗೆ ಬರುವ ಒಟಿಪಿ ಮೆಸೇಜುಗಳನ್ನು ಅದು ಕಳ್ಳನಿಗೆ ತಲುಪಿಸುತ್ತದೆ. ವಾಹನದ ದಂಡದ ಚಲನ್, ಮದುವೆಯ ಕರೆಯೋಲೆ, ಬ್ಯಾಂಕಿನ ಕೆವೈಸಿ ಎಂಬ ಹೆಸರಿನಲ್ಲೂ ಇದು ಬರುತ್ತದೆ. ಲಗ್ನಪತ್ರಿಕೆ ಫೋಟೋ ಆಗಿ ಬರಬೇಕೇ ಹೊರತು ಆ್ಯಪ್ ಆಗಿ ಬರುವುದಿಲ್ಲ. ಎಪಿಕೆ ಎಂದು ಕಂಡರೆ ಮುಟ್ಟದೆ ಅಳಿಸಿಬಿಡಿ.

ಡೈರಿ ಸಾಲದ ಮೋಸವೂ ಇದೆ. "ನಬಾರ್ಡ್‌ನಿಂದ ಹತ್ತು ಹಸುವಿಗೆ ಸಾಲ ಮಂಜೂರಾಗಿದೆ, ಕಡತದ ಶುಲ್ಕ ಕಟ್ಟಿ" ಎಂದು ಕರೆ ಬರುತ್ತದೆ. ನಬಾರ್ಡ್ ರೈತರಿಗೆ ನೇರವಾಗಿ ಸಾಲ ಕೊಡುವುದಿಲ್ಲ. ಅದು ಬ್ಯಾಂಕುಗಳಿಗೆ ಮರುಸಾಲ ಕೊಡುವ ಸಂಸ್ಥೆ. ಹಸುವಿನ ಸಾಲ ಬೇಕಾದರೆ ನಿಮ್ಮ ಬ್ಯಾಂಕು ಅಥವಾ ಸಹಕಾರ ಸಂಘದ ಮೆಟ್ಟಿಲನ್ನೇ ಹತ್ತಬೇಕು.

ಹಾಗೆಯೇ ಹಾಲಿನ ಮಳಿಗೆ ಕೊಡಿಸುತ್ತೇವೆ, ಏಜೆನ್ಸಿ ಕೊಡಿಸುತ್ತೇವೆ ಎಂಬ ನಕಲಿ ಜಾಲತಾಣಗಳು. ಅಮುಲ್ ಹೆಸರಿನಲ್ಲಿ ಹೀಗೆ ಜನರಿಂದ ಠೇವಣಿ ಕಟ್ಟಿಸಿಕೊಳ್ಳುತ್ತಿದ್ದ ಜಾಲತಾಣಗಳ ವಿರುದ್ಧ ಗುಜರಾತಿನ ಹಾಲು ಮಹಾಮಂಡಳವೇ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. 2020ರಲ್ಲಿ ಕೋರ್ಟು ಅವುಗಳನ್ನು ತಡೆಯಲು ಆದೇಶ ಮಾಡಿತು. ನಿಮ್ಮ ಮಗ ಮಳಿಗೆ ಇಡಬೇಕೆಂದಿದ್ದರೆ ಮೊದಲು ನಮ್ಮ ಒಕ್ಕೂಟದ ಮಾರುಕಟ್ಟೆ ವಿಭಾಗಕ್ಕೆ ಬಂದು ಕೇಳಲಿ.

ಇಲ್ಲಿ ಒಂದು ಸೂಕ್ಷ್ಮ ಹೇಳಬೇಕು. ಕಿವಿಯೋಲೆ ಹಾಕಿ ಹಸುವನ್ನು ನೋಂದಾಯಿಸುವಾಗ ನಮ್ಮ ಸಿಬ್ಬಂದಿಯೂ ಒಟಿಪಿ ಕೇಳುವ ಸಂದರ್ಭವುಂಟು. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಆಗ ನಮ್ಮ ಸಿಬ್ಬಂದಿ ನಿಮ್ಮ ಕೊಟ್ಟಿಗೆಯಲ್ಲಿ, ನಿಮ್ಮ ಹಸುವಿನ ಪಕ್ಕದಲ್ಲಿ ನಿಂತಿರುತ್ತಾರೆ. ಆದರೂ ಅಂಕೆ ಹೇಳುವ ಮೊದಲು ಮೆಸೇಜನ್ನು ಪೂರ್ತಿ ಓದಿ, ಅಥವಾ ಮಕ್ಕಳಿಂದ ಓದಿಸಿ. ಅದರಲ್ಲಿ ಜಾನುವಾರು ನೋಂದಣಿಯ ಮಾತಿರಬೇಕು. ಬ್ಯಾಂಕು, ಹಣ, ರೂಪಾಯಿ ಎಂಬ ಮಾತಿದ್ದರೆ ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ. ಫೋನಿನಲ್ಲಿ ಕೇಳಿದರೆ ಅದು ಯಾವ ಇಲಾಖೆಯ ಹೆಸರಾದರೂ ಸರಿ, ಕೊಡಬೇಡಿ.

ಹೆದರಿಸುವವರು

ಆಸೆ ತೋರಿಸುವುದು ಒಂದು ದಾರಿಯಾದರೆ ಹೆದರಿಸುವುದು ಇನ್ನೊಂದು. "ನಿಮ್ಮ ಕರೆಂಟ್ ಬಿಲ್ ಕಟ್ಟಿಲ್ಲ, ಇಂದು ರಾತ್ರಿ 9.30ಕ್ಕೆ ಲೈನ್ ಕತ್ತರಿಸುತ್ತೇವೆ, ಈ ನಂಬರಿಗೆ ಫೋನ್ ಮಾಡಿ" ಎಂದು ಮೆಸೇಜ್. "ನಿಮ್ಮ ಖಾತೆ ಇಂದೇ ಬಂದ್ ಆಗುತ್ತದೆ" ಎಂದು ಇನ್ನೊಂದು. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಇಟ್ಟವರಿಗೆ ಕರೆಂಟ್ ಹೋಗುತ್ತದೆಂದರೆ ಗಾಬರಿಯಾಗುವುದು ಸಹಜ. ಗಾಬರಿಯಲ್ಲಿ ಫೋನ್ ಮಾಡಿದರೆ ಅವನು ನಿಮ್ಮ ಮೊಬೈಲಿನ ಪರದೆ ತನಗೆ ಕಾಣಿಸುವಂಥ ಆ್ಯಪ್ ಹಾಕಿಸುತ್ತಾನೆ. ನೀವು ಒತ್ತುವುದೆಲ್ಲ ಅವನಿಗೆ ಕಾಣುತ್ತದೆ. ಇಂಥ ಮೆಸೇಜ್ ಬಂದರೆ ನಿಮ್ಮೂರಿನ ಲೈನ್‌ಮನ್‌ಗೆ ಅಥವಾ ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ. ಮೆಸೇಜಿನಲ್ಲಿರುವ ನಂಬರಿಗೆ ಮಾಡಬೇಡಿ.

ಪೊಲೀಸ್ ಉಡುಪಿನಲ್ಲಿ ವಿಡಿಯೋ ಕರೆ ಮಾಡಿ, "ನಿಮ್ಮ ಆಧಾರ್ ಮೇಲೆ ಕೇಸ್ ಆಗಿದೆ, ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕೋಣೆಯಿಂದ ಹೊರಗೆ ಹೋಗಬೇಡಿ, ಯಾರಿಗೂ ಹೇಳಬೇಡಿ" ಎನ್ನುವವರಿದ್ದಾರೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. 2024ರ ಅಕ್ಟೋಬರಿನ ಮನದ ಮಾತಿನಲ್ಲಿ ಪ್ರಧಾನಮಂತ್ರಿಗಳೂ ಇದನ್ನೇ ಹೇಳಿದರು. ಯಾವ ಪೊಲೀಸರೂ ವಿಡಿಯೋ ಕರೆಯಲ್ಲಿ ವಿಚಾರಣೆ ಮಾಡಿ ಹಣ ಹಾಕಿಸಿಕೊಳ್ಳುವುದಿಲ್ಲ. "ಯಾರಿಗೂ ಹೇಳಬೇಡಿ" ಎಂದ ಕೂಡಲೇ ಅವನು ಕಳ್ಳನೆಂದು ತಿಳಿಯಿರಿ, ಫೋನ್ ಇಡಿ, ಪಕ್ಕದ ಮನೆಯವರನ್ನು ಕರೆಯಿರಿ.

ಬೆರಳಚ್ಚು ಮತ್ತು ಖಾತೆ

ಮೊಬೈಲ್ ಇಲ್ಲದ ಹಿರಿಯರು ನಮಗೇನೂ ಭಯವಿಲ್ಲ ಎಂದುಕೊಳ್ಳಬಾರದು. ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದ ಹಣ ತೆಗೆಯುವ ವ್ಯವಸ್ಥೆ ಹಳ್ಳಿಗಳಲ್ಲಿದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಹಣ ತೆಗೆದರೆಂಬ ದೂರುಗಳ ಬಗ್ಗೆ ಪೊಲೀಸರು ತನಿಖೆ ಮಾಡಿದರು. ಇದಕ್ಕೆ ಉಪಾಯವೆಂದರೆ ಆಧಾರ್ ಬೆರಳಚ್ಚಿಗೆ ಬೀಗ ಹಾಕುವುದು. ಆಧಾರ್ ಸಂಸ್ಥೆಯ ಆ್ಯಪ್ ಅಥವಾ ಜಾಲತಾಣದಲ್ಲಿ ಇದಕ್ಕೆ ಅವಕಾಶವಿದೆ. ಪಡಿತರಕ್ಕೆ ಹೆಬ್ಬೆಟ್ಟು ಒತ್ತುವ ದಿನ ಬೀಗ ತೆಗೆದು ಮತ್ತೆ ಹಾಕಬೇಕು. ಸ್ವಲ್ಪ ತೊಂದರೆ, ಆದರೆ ಹಣ ಭದ್ರ.

ಕಾಲೇಜಿಗೆ ಹೋಗುವ ಮಕ್ಕಳಿಗೆ ಒಂದು ಮಾತು. "ನಿನ್ನ ಖಾತೆಯನ್ನು ನಮಗೆ ಕೊಡು, ಹಣ ಬಂದು ಹೋಗುತ್ತದೆ, ನಿನಗೆ ಕಮಿಷನ್" ಎಂದು ಹೇಳುವವರಿದ್ದಾರೆ. ಅದು ಬೇರೊಬ್ಬರಿಂದ ಕದ್ದ ಹಣ. ಆ ಖಾತೆಯನ್ನು ಪೊಲೀಸರು ತಡೆಹಿಡಿಯುತ್ತಾರೆ, ಕೇಸ್ ಖಾತೆಯ ಯಜಮಾನನ ಮೇಲೆ ಬರುತ್ತದೆ. ಅದೇ ಖಾತೆಗೆ ತಾಯಿಯ ಹಾಲಿನ ಹಣ ಬರುತ್ತಿದ್ದರೆ ಅದೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕಾರ್ಯದರ್ಶಿಗಳಿಗೆ

ಸಂಘಗಳಿಗೆ ಇ-ಮೇಲ್ ಬರುತ್ತದೆ. ಯಂತ್ರದ ಬಿಡಿಭಾಗ, ಪಶು ಆಹಾರ ಸರಬರಾಜು ಮಾಡುವವರ ಹೆಸರಿನಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಣ ಹಾಕಿ" ಎಂಬ ಪತ್ರ ಬಂದರೆ ಕೂಡಲೇ ಹಾಕಬೇಡಿ. ಮೇಲ್ ವಿಳಾಸದಲ್ಲಿ ಒಂದು ಅಕ್ಷರ ಮಾತ್ರ ವ್ಯತ್ಯಾಸವಿರಬಹುದು. ನಿಮ್ಮ ಹಳೆಯ ಪುಸ್ತಕದಲ್ಲಿ ಬರೆದಿಟ್ಟ ನಂಬರಿಗೆ ಫೋನ್ ಮಾಡಿ ಕೇಳಿ. ಬ್ಯಾಂಕಿನ ಹೆಸರಿನ ಕೊಂಡಿ ಬಂದರೆ ಒತ್ತದೆ, ಬ್ಯಾಂಕಿನ ವಿಳಾಸವನ್ನು ನೀವೇ ಟೈಪ್ ಮಾಡಿ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ತಮ್ಮ ಜಾಲತಾಣದ ವಿಳಾಸವನ್ನು ಬ್ಯಾಂಕ್ ಡಾಟ್ ಇನ್ ಎಂದು ಕೊನೆಯಾಗುವಂತೆ ಬದಲಾಯಿಸಿಕೊಳ್ಳಬೇಕಾಗಿತ್ತು. ಅದನ್ನು ಗಮನಿಸಿ. ಬಟವಾಡೆ ಹಣ ಹಾಕುವ ಕಂಪ್ಯೂಟರಿನ ಪಾಸ್‌ವರ್ಡನ್ನು ಗೋಡೆಯ ಮೇಲೆ ಅಂಟಿಸಬೇಡಿ.

ಹಣ ಹೋದರೆ ಏನು ಮಾಡಬೇಕು

ಎಷ್ಟು ಜಾಗ್ರತೆ ಇದ್ದರೂ ಒಮ್ಮೊಮ್ಮೆ ಮೋಸ ಹೋಗುತ್ತೇವೆ. ಆಗ ಸಮಯವೇ ಮುಖ್ಯ. ಹಸುವಿಗೆ ಹೊಟ್ಟೆಯುಬ್ಬರ ಬಂದಾಗ ನಾಳೆ ನೋಡೋಣ ಎನ್ನುತ್ತೀರಾ? ಇದೂ ಅಂಥದೇ.

1. ಕೂಡಲೇ 1930 ನಂಬರಿಗೆ ಫೋನ್ ಮಾಡಿ. ಇದು ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಹಾಯವಾಣಿ. ನಿಮ್ಮ ಹಣ ಯಾವ ಖಾತೆಗೆ ಹೋಗಿದೆಯೋ ಅಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಯುತ್ತಾರೆ. ಕಳ್ಳರು ಅದನ್ನು ಒಂದರಿಂದ ಇನ್ನೊಂದು ಖಾತೆಗೆ ಬೇಗ ಬೇಗ ದಾಟಿಸುತ್ತಾರೆ. ಆದ್ದರಿಂದ ಪ್ರತಿ ನಿಮಿಷಕ್ಕೂ ಬೆಲೆಯಿದೆ.
2. ಫೋನ್ ಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಒಟಿಪಿ, ಪಿನ್ ಅನ್ನು ಅಲ್ಲಿಯೂ ಹೇಳಬೇಡಿ.
3. ನಿಮ್ಮ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ತಾತ್ಕಾಲಿಕವಾಗಿ ತಡೆಹಿಡಿಸಿ. ದೂರಿನ ಸಂಖ್ಯೆ ಬರೆದುಕೊಳ್ಳಿ.
4. ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್ ಜಾಲತಾಣದಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ.
5. ಬಂದ ಮೆಸೇಜ್, ಫೋಟೋ, ನಂಬರುಗಳನ್ನು ಅಳಿಸಬೇಡಿ. ಅವೇ ಸಾಕ್ಷಿ.

ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಹೇಳಿತು. ಆದರೆ ನಾವೇ ಒಟಿಪಿ, ಪಿನ್ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ ಎಂದೂ ಅದರಲ್ಲಿತ್ತು. ಹೇಗೆ ನೋಡಿದರೂ ಬೇಗ ತಿಳಿಸಿದವರಿಗೇ ಲಾಭ.

ನಾಚಿಕೆ ಬೇಡ

ಬೇರೊಂದು ಸಂಘದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ, ಊರು ಹೆಸರು ಬೇಡ. ಇನ್ನೊಂದು ಹಸು ಕಟ್ಟಬೇಕೆಂದು ಎರಡು ವರ್ಷದಿಂದ ಹಾಲಿನ ದುಡ್ಡು ಉಳಿಸಿದ್ದರು. ಮೊಬೈಲಿನಲ್ಲಿ ಹಸು ನೋಡಿ ಮೊದಲು 3,000, ಆಮೇಲೆ ಲಾರಿಗೆಂದು 8,500, ಕೊನೆಗೆ ಪರವಾನಗಿಗೆಂದು 12,000 ರೂಪಾಯಿ ಹಾಕಿದರು. ಹಸುವೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಮನೆಯವರು ಬೈಯುತ್ತಾರೆಂದು ಆರು ದಿನ ಯಾರಿಗೂ ಹೇಳಲಿಲ್ಲ. ಆರನೆಯ ದಿನ ಅವರ ಪಕ್ಕದ ಮನೆಯ ಹುಡುಗ ಅದೇ ಹಸುವಿನ ಫೋಟೋ ನೋಡಿ ಅದೇ ನಂಬರಿಗೆ 5,000 ರೂಪಾಯಿ ಹಾಕಿದ್ದು ಗೊತ್ತಾಯಿತು. ಆ ತಾಯಿ ನನ್ನ ಹತ್ತಿರ ಹೇಳಿದ್ದು ಇಷ್ಟೇ: "ನನ್ನ ದುಡ್ಡು ಹೋಯ್ತು ಡಾಕ್ಟ್ರೇ, ಹೋಗಲಿ. ನಾನು ಬಾಯಿ ಬಿಟ್ಟಿದ್ದರೆ ಆ ಹುಡುಗನದು ಉಳೀತಿತ್ತು." ಅವರದು ಆರು ದಿನ ಹಳೆಯದಾಗಿತ್ತು, ಒಂದು ರೂಪಾಯಿಯೂ ಸಿಗಲಿಲ್ಲ. ಹುಡುಗ ಅದೇ ಗಂಟೆಯಲ್ಲಿ 1930ಕ್ಕೆ ಫೋನ್ ಮಾಡಿದ್ದರಿಂದ ಅವನ ಹಣ ತಡೆಹಿಡಿಯಲ್ಪಟ್ಟಿತು.

ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದಾಗ ಮುಚ್ಚಿಟ್ಟರೆ ರೋಗ ಊರಿಗೆ ಹರಡುತ್ತದೆ ಎಂದು ನಾನು ಯಾವಾಗಲೂ ಹೇಳುತ್ತೇನೆ. ಮೋಸವೂ ಹಾಗೆಯೇ ಹರಡುತ್ತದೆ. ಮೋಸ ಹೋದವರು ದಡ್ಡರಲ್ಲ. ಬ್ಯಾಂಕಿನವರು, ಮೇಷ್ಟ್ರುಗಳು, ಡಾಕ್ಟರುಗಳು ಕೂಡ ಮೋಸ ಹೋಗಿದ್ದಾರೆ. ಆದ್ದರಿಂದ ಮನೆಯ ಗಂಡಸರಲ್ಲಿ, ಮಕ್ಕಳಲ್ಲಿ ನನ್ನ ಪ್ರಾರ್ಥನೆ: ತಾಯಿಯೋ ಅಜ್ಜಿಯೋ ಬಂದು ಹೇಳಿಕೊಂಡಾಗ ಮೊದಲು ಫೋನ್ ಮಾಡಿ, ಬೈಯುವುದು ಆಮೇಲೆ. ಬೈಗುಳದ ಭಯವೇ ಕಳ್ಳನಿಗೆ ಸಮಯ ಕೊಡುವುದು.

ಸಂಘ ಮಾಡಬಹುದಾದದ್ದು

ನಮ್ಮದು ಸಹಕಾರಿಗಳ ಕುಟುಂಬ. ದಿನಕ್ಕೆ ಎರಡು ಹೊತ್ತು ಊರೆಲ್ಲ ಒಂದು ಕಡೆ ಸೇರುವ ಸ್ಥಳ ಡೈರಿಯೇ. ಮೂರು ಸಲಹೆಗಳಿವೆ. ಒಂದು, 1930 ಸಂಖ್ಯೆಯನ್ನು ಹಾಲು ಅಳೆಯುವ ಮೇಜಿನ ಮೇಲೆ ದೊಡ್ಡದಾಗಿ ಬರೆಸಿ. ಎರಡು, ಯಾರಿಗಾದರೂ ಅನುಮಾನದ ಕರೆ ಬಂದರೆ ಮರುದಿನ ಬೆಳಿಗ್ಗೆ ಹಾಲು ಹಾಕುವಾಗ ಎಲ್ಲರಿಗೂ ಕೇಳುವಂತೆ ಹೇಳಿ. ಮೂರು, ಊರಿನ ಒಬ್ಬ ತಿಳಿದ ಯುವಕನನ್ನೋ ಯುವತಿಯನ್ನೋ ಗೊತ್ತುಮಾಡಿ, ಹಿರಿಯರು ಮೆಸೇಜ್ ತೋರಿಸಿ ಕೇಳಲು ಅನುಕೂಲವಾಗುವಂತೆ ಮಾಡಿ.

"ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ" ಎಂಬ ಗಾದೆ ನಿಮಗೆಲ್ಲ ಗೊತ್ತು. ಎತ್ತು ಈಯುವುದಿಲ್ಲ ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ಬುದ್ಧಿಯನ್ನು ಮೊಬೈಲಿಗೂ ಉಪಯೋಗಿಸೋಣ. ಅವಸರ ಮಾಡಿಸಿದರೆ ನಿಲ್ಲಿ, ಒಟಿಪಿ, ಪಿನ್, ಆ್ಯಪ್, ಮುಂಗಡ ಎಂದರೆ ಫೋನ್ ಇಡಿ, ಹಣ ಹೋದರೆ 1930.

ಮಳೆಗಾಲ ಹತ್ತಿರ ಬರುತ್ತಿದೆ, ಜಂತುಹುಳದ ಔಷಧಿ ಹಾಕಿಸುವುದನ್ನು ಮರೆಯಬೇಡಿ.